ತಾತ ಕಂಡ ಬ್ಯಾಂಡು, ಕೋಟಿನ ಬಣ್ಣ ಸಹಿತ

ನೇಲ್ ಕಟ್ಟರ್ ಹುಡುಕಲು ಮೇಜಿನ ಖಾನೆ ಎಳೆದರೆ ನೇಲ್ ಕಟ್ಟರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಯಾವ ಫೋನಿಗೂ ಹೊಂದದ ಮೂರು ಚಾರ್ಜರು, ಹಳೆಯ ಕಂಪನಿಯ ಗುರುತಿನ ಚೀಟಿ (ಅದರಲ್ಲಿರುವ ಫೋಟೋ ನನ್ನದೇ ಎಂಬುದನ್ನು ನಾನು ಇವತ್ತಿಗೂ ಒಪ್ಪಿಲ್ಲ), ಮತ್ತು ಒಂದು ಗೊಂಚಲು ಕೈಪಟ್ಟಿ. ಸಂಗೀತ ಕಾರ್ಯಕ್ರಮಕ್ಕೆ ಹೋದರೆ ಗೇಟಿನಲ್ಲಿ ಮಣಿಕಟ್ಟಿಗೆ ಬಿಗಿಯುತ್ತಾರಲ್ಲ, ಬಣ್ಣಬಣ್ಣದ ಬಟ್ಟೆಯ ಪಟ್ಟಿ, ಅವು. ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಕತ್ತರಿಸಿದ ಮೇಲೆ ಯಾಕೆ ಇಟ್ಟುಕೊಂಡಿದ್ದೀಯ ಎಂದು ನೀವು ಕೇಳಬಹುದು. ಪುರಾವೆಗೆ. ಐವತ್ತು ವರ್ಷ ಕಳೆದ ಮೇಲೆ ನಾನು ಯಾವುದೋ ಸೋಫಾದಲ್ಲಿ ಕೂತು ಇಂಥಿಂಥ ಬ್ಯಾಂಡನ್ನು ಕಣ್ಣಾರೆ ಕಂಡೆ ಎಂದು ಬೀಗುವಾಗ, ನನ್ನಂಥ ಮೊಮ್ಮಗಳೊಬ್ಬಳು ಎದುರು ಕೂತು "ಆಧಾರ?" ಎಂದರೆ ಏನು ಮಾಡಲಿ?

ನನ್ನಂಥ ಮೊಮ್ಮಗಳು ಇದ್ದರೆ ಏನಾಗುತ್ತದೆ ಎಂಬುದನ್ನು ನನ್ನ ತಾತನನ್ನೇ ಕೇಳಬೇಕು.

ತಾತ ಎಂದರೆ ಅಮ್ಮನ ಅಪ್ಪ. ಮಂಡ್ಯದ ಕಡೆಯವರು. ಈಗ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನನ್ನ ಅಪ್ಪ ಅಮ್ಮನ ಜೊತೆ ಇದ್ದಾರೆ. ವಿಲ್ಲಾದ ಹಿಂದಿರುವ ಒಂದು ಕರಿಬೇವಿನ ಗಿಡವನ್ನು ಬಿಸಿಲಿನಿಂದ ಉಳಿಸಿಕೊಳ್ಳುವುದು ಅವರ ಹಗಲಿನ ಉದ್ಯೋಗ. ಸಂಜೆಯ ಉದ್ಯೋಗ ಅರವತ್ತರ ದಶಕ. ಆಗ ಅವರು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದರು. ಓದುತ್ತಿದ್ದರು ಎನ್ನುವುದು ಅವರ ಹೇಳಿಕೆ; ಅಂಕಪಟ್ಟಿ ಬೇರೆ ಹೇಳುತ್ತದೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ದಂಡು ಪ್ರದೇಶದ ದೊಡ್ಡ ರೆಸ್ಟೋರೆಂಟುಗಳಲ್ಲಿ ಬ್ಯಾಂಡು ನುಡಿಸುತ್ತಿದ್ದರಂತೆ. ಗಿಟಾರು, ಡ್ರಮ್ಮು, ಕೋಟು, ಕಿವಿ ಮುಚ್ಚುವ ಕೂದಲು. ಬೊಂಬಾಯಿಯಿಂದ 'ಥಂಡರ್ ಲಿಲೀಸ್' ಬಂದರೆ ರಸ್ತೆಯ ತುಂಬ ಸ್ಕೂಟರು. ಕಲ್ಕತ್ತೆಯಿಂದ 'ಟಿನ್ ಮೂನ್ಸ್' ಬಂದಾಗ ಬಾಗಿಲಿನ ಗಾಜೇ ಒಡೆಯಿತು. ಆದರೆ ಬೆಂಗಳೂರಿನದೇ ಆದ 'ಪರ್ಪಲ್ ಕೈಟ್ಸ್' ಮುಂದೆ ಅವರೆಲ್ಲ ಏನೂ ಅಲ್ಲ.

"ಹನ್ನೆರಡು ಸಲ ನೋಡಿದೀನಿ ಕಣೇ ಕೈಟ್ಸ್‌ನ. ಹನ್ನೆರಡು!" ಎನ್ನುವಾಗ ತಾತನ ಕುತ್ತಿಗೆ ಒಂದು ಇಂಚು ಉದ್ದವಾಗುತ್ತಿತ್ತು.

ನಾನು ಚಿಕ್ಕವಳಿದ್ದಾಗ ನಾವು ದುಬೈಯ ಊದ್ ಮೇಥಾದಲ್ಲಿದ್ದೆವು. ತಾತ ಆಗೆಲ್ಲ ವಿಸಿಟ್ ವೀಸಾದಲ್ಲಿ ಬಂದು ಹೋಗುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಏಸಿಯ ಕೆಳಗೆ ಚಾಪೆ ಹಾಸಿ ನನ್ನನ್ನು ಬೋರಲು ಮಲಗಿಸಿ ಬೆನ್ನ ಮೇಲೆ ಡ್ರಮ್ಮು ಬಾರಿಸಿ ಮಲಗಿಸುತ್ತಿದ್ದರು. ಬೇರೆ ಮಕ್ಕಳಿಗೆ ಬೆನ್ನು ತಟ್ಟುವುದು ಎಂದರೆ ತಪ್ ತಪ್ ತಪ್. ನನಗೆ ತಡ-ತಡ-ದುಂ, ತಡ-ತಡ-ದುಂ, ಕೊನೆಗೆ ಹೆಗಲಿನ ಮೇಲೆ ಒಂದು ಝಲ್. ಆ ಝಲ್ ಬಂದಾಗ ಎಚ್ಚರವಾಗಿಬಿಡುತ್ತಿತ್ತು, ಮತ್ತೆ ಮೊದಲಿಂದ. ನಾನು ಅವರನ್ನು ಪೂರ್ತಿಯಾಗಿ ನಂಬುತ್ತಿದ್ದ ಕಾಲ ಅದು. ಬೆನ್ನಿಗೆ ತರ್ಕ ಬರುವುದಿಲ್ಲ.

ಎಂಟನೇ ಕ್ಲಾಸಿನಲ್ಲಿ ನಾನು ಶಾಲೆಯ ಚರ್ಚಾ ತಂಡಕ್ಕೆ ಸೇರಿದೆ. ಅಲ್ಲಿಗೆ ಮುಗಿಯಿತು. ನಮ್ಮ ಮೇಡಂ ಮೊದಲ ದಿನವೇ ಹೇಳಿಕೊಟ್ಟರು: ಎದುರಾಳಿಯ ದೊಡ್ಡ ಮಾತನ್ನು ಮುಟ್ಟಲೇಬೇಡಿ. ಅವನು ಉಸಿರು ತೆಗೆದುಕೊಳ್ಳುವಾಗ ಸುಮ್ಮನೆ ಬಿಟ್ಟುಹೋದ ಸಣ್ಣ ಸಂಗತಿ ಒಂದು ಇರುತ್ತದೆ, ಅದನ್ನು ಹಿಡಿದು ಎಳೆಯಿರಿ, ಗೋಡೆ ತಾನೇ ಬೀಳುತ್ತದೆ. ಮನೆಗೆ ಬಂದು ನಾನು ಮೊದಲು ಹಿಡಿದದ್ದು ತಾತನ ಕೋಟು. ಎಂದರೆ, ಕೈಟ್ಸ್‌ನವರ ಕೋಟು. ಎರಡನೇ ಕ್ಲಾಸಿನಲ್ಲಿ ನನಗೆ ಕಥೆ ಹೇಳುವಾಗ ಅದು ಕೆಂಪಾಗಿತ್ತು. ಎಂಟನೆಯಲ್ಲಿ ಬಿಳಿ. ಹತ್ತರ ಪರೀಕ್ಷೆಯ ಹೊತ್ತಿಗೆ ನೀಲಿ, ಅದೂ ಚಿನ್ನದ ಗುಂಡಿಯ ನೀಲಿ. ಗುಟ್ಟಾಗಿ ಫೋನಿನಲ್ಲಿ ಬರೆದಿಟ್ಟುಕೊಂಡೆ. ಇಂಥ ಆಯುಧವನ್ನು ಕೂಡಲೇ ಬಳಸಬಾರದು. ನನ್ನ ವಿಷಯದಲ್ಲಿ ಅಮ್ಮನ ತೀರ್ಪು ಹೀಗಿದೆ: "ಇವಳಿಗೆ ಉಪ್ಪು ಕೊಡೇ ಅಂದ್ರೂ, ಪಲ್ಯಕ್ಕೆ ಕಮ್ಮಿ ಆಗಿದೆ ಅನ್ನೋದನ್ನ ಸಾಬೀತು ಮಾಡು ಅಂತಾಳೆ. ಇವಳನ್ನ ಮದುವೆ ಆಗೋನು ಊಟಕ್ಕೆ ಕೂತಾಗ ಪಕ್ಕದಲ್ಲೊಬ್ಬ ವಕೀಲನ್ನ ಇಟ್ಕೋಬೇಕು." ತಾತ ಮಾತ್ರ ಪ್ರೀತಿಯಿಂದಲೇ ಲಾಯರಮ್ಮ ಎನ್ನುತ್ತಿದ್ದರು. ನಾನು ಕೇಸು ಕಟ್ಟುತ್ತಿರುವುದು ತಮ್ಮ ಮೇಲೇ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿತ್ತೋ ಏನೋ.

ಎರಡು ಚಳಿಗಾಲದ ಹಿಂದೆ ಅವರನ್ನು ಅಬುಧಾಬಿಯಲ್ಲಿ ಒಂದು ದೊಡ್ಡ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ಗೊಂಚಲಿನಲ್ಲಿರುವ ಹಳದಿ ಪಟ್ಟಿ ಅವರದು. ವೇದಿಕೆಗೆ ಹತ್ತಿರದ ಜಾಗ ಹಿಡಿದು, ಮಡಚುವ ಕುರ್ಚಿ ಹಾಕಿ ಕೂರಿಸಿ, ನೀರು ತರಲು ಹೋಗಿ ಬಂದರೆ ತಾತ ಇಲ್ಲ! ಹುಡುಕಿದರೆ ವೇದಿಕೆಯ ಹಿಂಭಾಗದಲ್ಲಿ, ಶವರ್ಮಾ ಗಾಡಿಯ ಪಕ್ಕ, ತಗಡಿನ ತಡೆಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ನಿಂತಿದ್ದಾರೆ.

"ತಾತ, ಇಲ್ಲಿಂದ ಏನೂ ಕಾಣಲ್ಲ!"

"ಕಾಣೋದಕ್ಕೇನಿದೆ? ಇಲ್ಲಿ ಚೆನ್ನಾಗಿದೆ ಕಣೇ. ನೀನ್ ಹೋಗು."

ವಯಸ್ಸಾಯಿತು, ಗದ್ದಲ ಆಗುವುದಿಲ್ಲ ಎಂದುಕೊಂಡೆ. ಹನ್ನೆರಡು ಸಲ ಬ್ಯಾಂಡು ನೋಡಿದ ಮನುಷ್ಯ ಇವರಾ ಎಂದೂ ಅಂದುಕೊಂಡೆ, ಸುಳ್ಳೇಕೆ.

ಆ ಮೇಲೆ ಹೋದ ವರ್ಷ ಚೈತ್ರಾ ಬಂದು ನನ್ನ ಕೇಸನ್ನೇ ಬದಲಾಯಿಸಿದಳು. ಚೈತ್ರಾ ನನ್ನ ದುಬೈ ಆಫೀಸಿನವಳು, ಬಸವನಗುಡಿಯ ಸೊಸೆ, ಈಗ ಅವಳ ಮನೆ ಊದ್ ಮೇಥಾದಲ್ಲಿ. ಒಂದು ದಿನ ಊಟದ ಹೊತ್ತಿಗೆ ಡಬ್ಬಿ ತೆಗೆಯುತ್ತಾ, "ನಮ್ಮ ಮಾವನವರು ಬಂದಿದಾರೆ ಕಣೇ. ಹೊಸ ತಲೆನೋವು," ಎಂದಳು. ಮಾವನವರ ಹೆಸರು ಶಾಮಣ್ಣ. ಬ್ಯಾಂಕಿನಿಂದ ನಿವೃತ್ತರಾಗಿ ಎಷ್ಟೋ ವರ್ಷವಾದ ಮೇಲೆ ಇದ್ದಕ್ಕಿದ್ದಂತೆ, ತಾನು ಒಂದು ಕಾಲದಲ್ಲಿ ದೊಡ್ಡ ಡ್ರಮ್ಮರ್ ಆಗಿದ್ದೆ, ಬೋರ್ಡಿನ ಮೇಲೆ 'ಸ್ಯಾಮ್' ಎಂದು ಹೆಸರು ಹಾಕುತ್ತಿದ್ದರು ಎಂದು ಹೇಳತೊಡಗಿದ್ದರಂತೆ. ಫೋಟೋ ಇದೆಯಾ ಎಂದರೆ ಇಲ್ಲ. ರೆಕಾರ್ಡು? ಇಲ್ಲ. ಜೊತೆಗಿದ್ದವರು? ಒಬ್ಬರೂ ಉಳಿದಿಲ್ಲ.

"ಯಾವ ಬ್ಯಾಂಡಂತೆ?" ಎಂದೆ, ಸುಮ್ಮನೆ.

"ಏನೋ ಗಾಳಿಪಟ. ಪರ್ಪಲ್ ಕೈಟ್ಸ್."

ನಾನು ಚಪಾತಿ ಕೆಳಗಿಟ್ಟು ತಾತನ ಹನ್ನೆರಡು ಸಲದ ಕಥೆಯನ್ನು ಅವಳಿಗೆ ಹೇಳಿದೆ.

ಚೈತ್ರಾಳ ಕಷ್ಟ ತಮಾಷೆಯದಾಗಿರಲಿಲ್ಲ. ಅವಳ ಮಗಳು ತನ್ವಿಗೆ ಹದಿನಾಲ್ಕು. ಶಾಲೆಯ ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುತ್ತಾಳೆ. ಮೊಮ್ಮಗಳು ಅಭ್ಯಾಸ ಮಾಡುವಾಗ ಶಾಮಣ್ಣ ಪಕ್ಕದಲ್ಲಿ ಕೂತು, ಕಡ್ಡಿ ಹಾಗೆ ಹಿಡಿಯಬೇಡ, ಹೀಗೆ ಹಿಡಿ ಎನ್ನುತ್ತಿದ್ದರಂತೆ. ಒಂದು ದಿನ ಅವಳು ಸಿಡಿದು, "ಥಾತಾ, ಪ್ಲೀಸ್! ಯೂ ವರ್ಕ್ಡ್ ಇನ್ ಎ ಬ್ಯಾಂಕ್!" ಎಂದುಬಿಟ್ಟಳು. ಅವತ್ತಿನಿಂದ ಅವಳು ಕಡ್ಡಿ ಕೈಗೆತ್ತಿಕೊಂಡರೆ ಸಾಕು, ಮುದುಕರು ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಬರುವ ಮಂಗಳವಾರ ವಾಪಸು ಹೊರಡುವವರಿದ್ದರು.

"ನಿಮ್ಮ ತಾತ ಅವರನ್ನ ನೋಡಿದಾರೆ ಅಂತೀಯಲ್ಲ," ಎಂದು ಚೈತ್ರಾ ನನ್ನ ಮುಂಗೈ ಹಿಡಿದಳು. "ಶನಿವಾರ ಊಟಕ್ಕೆ ಕರ್ಕೊಂಡು ಬಾರೇ. ಅವಳ ಮುಂದೆ ಒಂದೇ ಒಂದು ಮಾತು ಹೇಳಿಸು. ಹೌದಮ್ಮ, ನಿಮ್ಮ ತಾತನ್ನ ನಾನು ನೋಡಿದೀನಿ ಅಂತ. ಅಷ್ಟು ಸಾಕು. ಮತ್ತೆ ನೀನು, ದಯವಿಟ್ಟು, ಬಾಯಿ ಮುಚ್ಕೊಂಡು ಕೂತಿರು."

ಕೊನೆಯ ಮಾತನ್ನು ನಾನು ಅವಮಾನವೆಂದು ಭಾವಿಸಿದೆ. ಅದು ದೂರದೃಷ್ಟಿಯಾಗಿತ್ತು.

ಶನಿವಾರ ಬೆಳಗ್ಗೆ ಅಬುಧಾಬಿಗೆ ಹೋಗಿ ತಾತನನ್ನು ಕಾರು ಹತ್ತಿಸಿಕೊಂಡೆ. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಪೌಡರಿನ ಘಮ. ಕೈಟ್ಸ್‌ನ ಡ್ರಮ್ಮರನ್ನು ಭೇಟಿ ಮಾಡಲು ಹೋಗುತ್ತಿದ್ದೇವೆ ಎಂದು ದಾರಿಯಲ್ಲಿ ಹೇಳಿದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ದುಬೈ ಅಂಚಿನ ಜೆಬೆಲ್ ಅಲಿ ದಾಟುವವರೆಗೂ ಅಂಗಿಯ ತೋಳಿನ ಗುಂಡಿಯನ್ನು ಹಾಕುತ್ತಾ ಬಿಚ್ಚುತ್ತಾ ಕೂತರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ, "ಇವತ್ತೇ ಹೋಗ್ಲೇಬೇಕಾ?" ಎಂದರು.

"ಅವರು ಮಂಗಳವಾರ ಹೊರಡ್ತಾರೆ ತಾತ."

"ಹೂಂ," ಎಂದರು. ಇಷ್ಟೊಂದು ಸಂತೋಷ ಒಮ್ಮೆಗೇ ಅರಗುತ್ತಿಲ್ಲ ಎಂದು ನಾನು ಭಾವಿಸಿದೆ. ಮನುಷ್ಯರ ಮುಖ ಓದುವುದನ್ನು ನಮಗೆ ಚರ್ಚಾ ತಂಡದಲ್ಲಿ ಕಲಿಸಿರಲಿಲ್ಲ.

ಊದ್ ಮೇಥಾದಲ್ಲಿ ಪಾರ್ಕಿಂಗ್ ಹುಡುಕುತ್ತಾ ಅದೇ ಬೀದಿಯನ್ನು ನಾಲ್ಕು ಸಲ ಸುತ್ತಿದೆವು. ಪ್ರತಿ ಸುತ್ತಿಗೂ ತಾತ, "ಜಾಗ ಮಾಫಿ, ವಾಪಸ್ ಹೋಗೋಣ," ಎನ್ನುತ್ತಿದ್ದರು. ಮಾಫಿ ಎಂದರೆ ಇಲ್ಲ; ಈ ದೇಶದಲ್ಲಿ ಅವರು ಕಲಿತ ಎರಡು ಅರಬ್ಬಿ ಮಾತುಗಳಲ್ಲಿ ಅದೊಂದು. ಐದನೇ ಸುತ್ತಿಗೆ ಜಾಗ ಸಿಕ್ಕಿತು. ಬಾಗಿಲು ತೆರೆದವರು ಶಾಮಣ್ಣನೇ. ಒಣಕಲು ಮನುಷ್ಯ, ಕಿವಿಯಲ್ಲಿ ಯಂತ್ರ, ಹಣೆಯಲ್ಲಿ ವಿಭೂತಿಯ ಮೂರು ಗೆರೆ. ಡ್ರಮ್ಮರ್ ಸ್ಯಾಮ್ ಎಂದರೆ ನಾನೇ ನಂಬಲಾರೆ, ಇನ್ನು ತನ್ವಿ ನಂಬುವಳೇ? ಇಬ್ಬರು ಮುದುಕರೂ ಹೆಣ್ಣು ನೋಡಲು ಬಂದವರ ಹಾಗೆ ಸೋಫಾದ ಎರಡು ತುದಿ ಹಿಡಿದು ಕೂತರು.

"ನೀವು ನಮ್ಮನ್ನ ನೋಡಿದ್ರಂತೆ?" ಎಂದರು ಶಾಮಣ್ಣ.

"ಹೂಂ... ಹಾಂ," ಎಂದರು ತಾತ.

ಇದು ಸಾಕ್ಷ್ಯವೇ? ಚೈತ್ರಾ ನನ್ನನ್ನು ನೋಡಿದಳು. ನಾನು ಸೂರು ನೋಡಿದೆ.

ಊಟಕ್ಕೆ ಕೂತೆವು. ಬಿಸಿಬೇಳೆಬಾತು, ಸಂಡಿಗೆ. ತನ್ವಿ ಕಿವಿಗೆ ಸಿಕ್ಕಿಸಿದ್ದ ಇಯರ್‌ಫೋನು ತೆಗೆಯದೆ, ಅಮ್ಮನ ಬಲವಂತಕ್ಕೆ ಬಂದು ಕೂತಿದ್ದಳು. ಚೈತ್ರಾ ಬಡಿಸುತ್ತಾ, "ಅಂಕಲ್, ಆಗಿನ ಕಾಲದ್ದು ಒಂಚೂರು ಹೇಳಿ, ಇವಳೂ ಕೇಳಲಿ," ಎಂದಳು. ತಾತ ನೀರು ಕುಡಿದರು. ತುತ್ತಿನ ಮೇಲೆ ತುತ್ತು ಹಾಕಿದರು. ಕೊನೆಗೆ, ದಾರಿಯಿಲ್ಲದೆ, ಶುರು ಮಾಡಿದರು: ಭಾನುವಾರ, ದಂಡು ಪ್ರದೇಶ, ಸ್ಕೂಟರು, ಜನ. ಮೆಲ್ಲಗೆ ಬಿಸಿಯೇರಿತು. ಶಾಮಣ್ಣ ತಲೆದೂಗತೊಡಗಿದರು. ತನ್ವಿ ಒಂದು ಕಿವಿಯದನ್ನು ತೆಗೆದಳು. ನಾನು ನೋಡಿದೆ, ನಿಜವಾಗಿ ತೆಗೆದಳು. ಆಗ ತಾತ ಹುರುಪಿನಲ್ಲಿ, "ಪರದೆ ಸರಿದ್ರೆ ಸಾಲಾಗಿ ಐದು ಜನ, ಕೆಂಪು ಕೋಟು..." ಎಂದರು.

"ಹೋದ ಸಲ ನೀಲಿ ಅಂದಿದ್ರಿ," ಎಂದೆ ನಾನು.

ಯಾಕೆ ಎಂದೆ? ಕೇಳಬೇಡಿ. ಎದುರಿಗೆ ಚೆಂಡು ಪುಟಿದರೆ ಕೈ ಚಾಚುವವರಿರುತ್ತಾರಲ್ಲ, ಹಾಗೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಚೈತ್ರಾಳ ಸೌಟು ಗಾಳಿಯಲ್ಲಿ ನಿಂತಿತು.

ತನ್ವಿಗೆ ಅಷ್ಟು ಸಾಕಾಯಿತು. ಈ ಹುಡುಗಿ ನಾಳೆ ನನ್ನ ಶಾಲೆಯ ತಂಡ ಸೇರಿದರೆ ಯಾರಿಗೂ ಉಳಿಗಾಲವಿಲ್ಲ. ನೇರವಾಗಿ ಅಜ್ಜನ ಕಡೆ ತಿರುಗಿ, "ಥಾತಾ, ವಾಟ್ ಕಲರ್?" ಎಂದಳು.

ಶಾಮಣ್ಣ ತಟ್ಟೆ ನೋಡಿಕೊಂಡು, ತುಂಬ ಸಣ್ಣ ದನಿಯಲ್ಲಿ, "ಹಸಿರು," ಎಂದರು. "ಬಾಟಲಿ ಹಸಿರು."

ತನ್ವಿ ಭುಜ ಹಾರಿಸಿ ಮತ್ತೆ ಕಿವಿಗೆ ಸಿಕ್ಕಿಸಿಕೊಳ್ಳಲು ಕೈ ಎತ್ತಿದಳು. ಶಾಮಣ್ಣನ ಮುಖ ನೋಡಲಾಗಲಿಲ್ಲ. ಹತ್ತು ವರ್ಷದಿಂದ ಕಾಪಿಟ್ಟುಕೊಂಡ ಆಯುಧ ಗುರಿ ಮುಟ್ಟಿತ್ತು, ಯಾರ ಎದೆಗೆ ಎಂಬುದೊಂದು ಬಿಟ್ಟು.

"ಲಾಯರಮ್ಮ ಗೆದ್ಲು, ಖಲಾಸ್," ಎಂದರು ತಾತ. ಅದು ಅವರ ಎರಡನೆಯ ಅರಬ್ಬಿ ಮಾತು. ಕೈಯನ್ನು ತಟ್ಟೆಯಲ್ಲೇ ಬಿಟ್ಟು ಶಾಮಣ್ಣನ ಕಡೆ ತಿರುಗಿದರು. "ಸ್ವಾಮಿ, ನಾನು ನಿಮ್ಮನ್ನ ನೋಡಿಲ್ಲ. ಒಂದು ಸಲಾನೂ ನೋಡಿಲ್ಲ. ನನ್ನನ್ನ ಒಳಗೆ ಬಿಟ್ಟಿದ್ರೆ ತಾನೆ?"

ಆಮೇಲೆ ಹೊರಬಂತು ಅರವತ್ತು ವರ್ಷದ ಗುಟ್ಟು. ಆ ರೆಸ್ಟೋರೆಂಟುಗಳ ಬಾಗಿಲಲ್ಲಿ ಒಂದು ನಿಯಮವಿತ್ತಂತೆ: ಗಂಡಸು ಒಬ್ಬನೇ ಬಂದರೆ ಪ್ರವೇಶವಿಲ್ಲ, ಜೊತೆಗೆ ಹೆಣ್ಣುಮಗಳು ಇರಬೇಕು. ಮಂಡ್ಯದ ಹಾಸ್ಟೆಲ್ ಹುಡುಗನಿಗೆ ಹೆಣ್ಣುಮಗಳು ಎಲ್ಲಿಂದ ಬರಬೇಕು? ಒಮ್ಮೆ ಧೈರ್ಯ ಮಾಡಿ ಸೋದರತ್ತೆಯ ಮಗಳನ್ನು ಕೇಳಿದರು. ಅವಳು ಅಮ್ಮನನ್ನು ಕೇಳಿದಳು. ಭಾನುವಾರ ಬೆಳಗ್ಗೆ ಅತ್ತೆಯ ಮಗಳು, ಅತ್ತೆ, ಅತ್ತೆಯ ನಾದಿನಿ, ಮೂವರೂ ಮಲ್ಲಿಗೆ ಮುಡಿದು ಬಂದರು. ಬಾಗಿಲಿನವನು ಸೆಲ್ಯೂಟ್ ಹೊಡೆದು ಬಾಗಿಲು ತೆರೆದ. ಅತ್ತೆ ಒಳಗೆ ಇಣುಕಿ ನೋಡಿದರು. ಒಳಗೆ ಜೋಡಿ ಜೋಡಿ ಕುಣಿತ. "ಅಯ್ಯೋ ಶಿವನೇ!" ಎಂದವರೇ ಮಗಳ ರಟ್ಟೆ ಹಿಡಿದು, ನಾದಿನಿಯನ್ನು ದಬ್ಬಿಕೊಂಡು, ಇವರ ಕಿವಿಯನ್ನೂ ಹಿಂಡಿ ಬಸ್ಸು ಹತ್ತಿಸಿದರು. ಆ ಸುದ್ದಿ ಬಸ್ಸಿಗಿಂತ ಮೊದಲು ಮಂಡ್ಯ ಸೇರಿತು.

ಶಾಮಣ್ಣ ನಕ್ಕರು. ತಾತ ನಗಲಿಲ್ಲ.

"ಆಮೇಲೆ ಹಿಂದುಗಡೆ ನಿಲ್ತಿದ್ದೆ. ಅಡುಗೆಮನೆ ಪಕ್ಕ, ವೇದಿಕೆ ಹಿಂದಿನ ಗೋಡೆ. ಮೇಲೊಂದು ಬೆಳಕಿಂಡಿ. ಹನ್ನೆರಡು ಭಾನುವಾರ ಗೋಡೆಗೆ ಬೆನ್ನು ಕೊಟ್ಟು ಕೇಳಿದೀನಿ. ಕೋಟು ಯಾವನಿಗೆ ಕಾಣತ್ತೆ? ನಿಮ್ಮ ಡ್ರಮ್ಮು ಗೋಡೆಗೆ ಅಂಟಿಕೊಂಡೇ ಇತ್ತು, ಬೆನ್ನಿಗೇ ಬಡೀತಿತ್ತು." ಶಾಮಣ್ಣನ ಕಡೆ ಬಾಗಿ, "ಒಂದು ಮಾತು ಕೇಳಲಾ? ಹಾಡಿನ ಮಧ್ಯ ಸರ್ರ್ ಅಂತ ಏನೋ ಎಳೆದ ಶಬ್ದ ಬರ್ತಿತ್ತಲ್ಲ, ಏನದು?"

ಶಾಮಣ್ಣನ ಕೈಯ ಸಂಡಿಗೆ ತಟ್ಟೆಗೆ ಬಿತ್ತು. "ಅದು ಕೇಳಿಸ್ತಿತ್ತಾ ನಿಮಗೆ?"

"ಪ್ರತಿ ಹಾಡಿಗೂ. ಸರ್ರ್ ಅನ್ನೋದು, ಆಮೇಲೆ ಒಂದು ದನಿ. ಮುಂದುಗಡೆ ಇಂಗ್ಲಿಷ್ ಹಾಡು ನಡೀತಿದೆ, ಹಿಂದುಗಡೆ ಅಚ್ಚಕನ್ನಡದಲ್ಲಿ, 'ಥತ್ ಮುಂಡೇದೇ, ಮತ್ತೆ ಓಡ್ತೀಯಾ' ಅಂತ."

ತನ್ವಿಯ ಬಾಯಿ ತೆರೆದೇ ಇತ್ತು. ಅಜ್ಜ ದೇವರಮನೆಯಲ್ಲಲ್ಲದೆ ಬೇರೆಲ್ಲೂ ದನಿ ಎತ್ತಿದ್ದನ್ನು ಅವಳು ಕೇಳಿರಲಿಲ್ಲವಂತೆ.

"ಪಾಲಿಶ್ ಮಾಡಿದ ನೆಲ!" ಎಂದು ಶಾಮಣ್ಣ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಕಾಲಲ್ಲಿ ಒದ್ದ ಹಾಗೆಲ್ಲ ದೊಡ್ಡ ಡ್ರಮ್ಮು ಮುಂದೆ ಮುಂದೆ ಜಾರ್ಕೊಂಡು ಹೋಗೋದು. ಕಾಲಲ್ಲೇ ಕೊಕ್ಕೆ ಹಾಕಿ ಹಿಂದಕ್ಕೆ ಎಳ್ಕೋತಿದ್ದೆ. ಆಮೇಲೆ ಹಗ್ಗ ತಂದು ನನ್ನ ಸ್ಟೂಲಿಗೇ ಕಟ್ಟಿದೆ. ಆಗ ಸ್ಟೂಲೂ ಹೊರಡೋದು, ನಾನೂ ಹೊರಡೋದು! ಮುಂದೆ ಕುಣೀತಿದ್ದವರಿಗೆ ಇದು ಯಾರಿಗೂ ಗೊತ್ತೇ ಇಲ್ಲ. ಬೈದಿದ್ದಂತೂ..." ಸೊಸೆಯ ಕಡೆ ನೋಡಿ ನಾಚಿಕೊಂಡರು. "ಬ್ಯಾಂಡಲ್ಲಿ ಕನ್ನಡ ಬರ್ತಿದ್ದೋನು ನಾನೊಬ್ಬನೇ ಅಮ್ಮ. ಯಾರಿಗೂ ಅರ್ಥ ಆಗಲ್ಲ ಅಂತ ಬೈತಿದ್ದೆ."

"ಅದಕ್ಕೇ ವಾರ ವಾರ ಬರ್ತಿದ್ದೆ," ಎಂದರು ತಾತ. "ನಮ್ಮೋನೊಬ್ಬ ಒಳಗಿದಾನೆ ಅಂತ."

ಇಷ್ಟಕ್ಕೆ ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ. ತನ್ವಿ ಒಪ್ಪಲಿಲ್ಲ. ಅಜ್ಜ ಬ್ಯಾಂಡಿನಲ್ಲಿದ್ದದ್ದು ಹೌದೆಂದು ಅವಳ ಮುಖ ಹೇಳುತ್ತಿತ್ತು. ಆದರೆ ಕಡ್ಡಿ ಹಿಡಿಯುವುದನ್ನು ತನಗೆ ಕಲಿಸುವಷ್ಟು? ಎರಡೂ ಕಿವಿಯದನ್ನು ತೆಗೆದು ಮೇಜಿನ ಮೇಲಿಟ್ಟು ನನ್ನ ತಾತನನ್ನು ಕೇಳಿದಳು. "ಓಕೆ. ಬಟ್... ಚೆನ್ನಾಗಿ ನುಡಿಸ್ತಿದ್ರಾ?"

ಚೈತ್ರಾ ತಾತನನ್ನು ನೋಡಿದ ನೋಟದಲ್ಲಿ ಇಡೀ ವಾರದ ಪ್ರಾರ್ಥನೆ ಇತ್ತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ. ಅದ್ಭುತ ಎನ್ನಿ, ಸಾಕು. ಹನ್ನೆರಡು ಸಲ ಎಂದು ಬೀಗಿದವರಿಗೆ ಇನ್ನೊಂದು ಹೊಗಳಿಕೆ ಏನು ಮಹಾ?

"ಕೈ ಚುರುಕು," ಎಂದರು ತಾತ, ಯೋಚಿಸಿ. "ಒಳ್ಳೇ ಮಳೆ ಬಿದ್ದ ಹಾಗೆ. ಆದ್ರೆ ಓಡ್ತಿದ್ರು ಮಗು. ಹಾಡು ಶುರುವಾದಾಗ ನಡಿಗೆ, ಮುಗಿಯೋ ಹೊತ್ತಿಗೆ ಬಸ್ಸು ಹಿಡಿಯೋ ಓಟ. ಪಾಪ, ಹಾಡೋನಿಗೆ ಉಸಿರೇ ಸಾಲ್ತಿರಲಿಲ್ಲ."

ಚೈತ್ರಾ ಕಣ್ಣು ಮುಚ್ಚಿಕೊಂಡಳು. ಶಾಮಣ್ಣನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ನೀರಿನ ಲೋಟ ಮುಂದೆ ತಳ್ಳಿದೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. "ನಮ್ಮ ಲೀಡರು ವಾರ ವಾರ ಇದನ್ನೇ ಬೈತಿದ್ದ! ಇದೇ ಮಾತು! ಸ್ಯಾಮ್, ನಿನಗೇನು ರೈಲು ಹೊರಡತ್ತಾ ಅಂತ!"

ತನ್ವಿ ನಗಲಿಲ್ಲ. ಅಜ್ಜನನ್ನೇ ದಿಟ್ಟಿಸುತ್ತಿದ್ದಳು.

"ಯೂ ರಶ್?" ಎಂದಳು.

"ತುಂಬಾ," ಎಂದರು ಶಾಮಣ್ಣ, ಕಣ್ಣೊರೆಸಿಕೊಳ್ಳುತ್ತಾ.

"ಐ ರಶ್," ಎಂದಳು, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. ಚೈತ್ರಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: ಪ್ರತಿ ಟರ್ಮಿನಲ್ಲೂ ಮ್ಯೂಸಿಕ್ ಸರ್ ಬರೆಯುವುದು ಅದೊಂದನ್ನೇ.

ಆರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಕಪ್‌ಗಳನ್ನು ಹೊತ್ತು ತಂದವಳು ನಾನು. ಹೊಗಳುವ ಸಾಕ್ಷಿಯನ್ನು ಯಾರೂ ನಂಬುವುದಿಲ್ಲ ಎಂದು ಜೂನಿಯರುಗಳಿಗೆ ಪಾಠ ಮಾಡಿದವಳೂ ನಾನೇ. ಆದರೂ ತುಳಿದಿದ್ದೆನಲ್ಲ ಆ ಕಾಲನ್ನು! ಮೆಲ್ಲಗೆ ನನ್ನ ಪಾದ ಹಿಂದಕ್ಕೆ ತೆಗೆದುಕೊಂಡೆ.

ತನ್ವಿ ಎದ್ದು ಕೋಣೆಗೆ ಹೋಗಿ ಅಭ್ಯಾಸದ ರಬ್ಬರ್ ತಟ್ಟೆಯನ್ನೂ ಎರಡು ಜೊತೆ ಕಡ್ಡಿಗಳನ್ನೂ ತಂದಳು. ಸಂಡಿಗೆಯ ಬುಟ್ಟಿಯನ್ನು ಸರಿಸಿ ಅಜ್ಜನ ಮುಂದಿಟ್ಟಳು. "ಹೇಗೆ ನಿಲ್ಲಿಸಿದ್ರಿ, ಥಾತಾ?"

"ಎಲ್ಲಿ ನಿಲ್ಲಿಸಿದೆ ಪುಟ್ಟಿ?" ಎಂದರು ಶಾಮಣ್ಣ. ಬಿಸಿಬೇಳೆಬಾತಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಕಡ್ಡಿ ತೆಗೆದುಕೊಂಡರು. ಅವಳು ಅವರ ಬೆರಳುಗಳನ್ನು ನೋಡಿ, ತನ್ನ ಹಿಡಿತವನ್ನು ಸ್ವಲ್ಪ ಬದಲಾಯಿಸಿಕೊಂಡಳು. "ನಿಧಾನಕ್ಕೆ, ಆಯ್ತಾ?" ಎಂದರು ಶಾಮಣ್ಣ. "ನಾಲ್ಕು ಎಣಿಸ್ತೀನಿ, ಆಮೇಲೆ ಶುರು. ಒನ್, ಟೂ, ಥ್ರೀ..."

ನಾಲ್ಕು ಬರುವ ಮೊದಲೇ ಇಬ್ಬರೂ ಶುರು ಮಾಡಿಬಿಟ್ಟಿದ್ದರು.